ಅಗ್ಗದ ಕಾಲೇಜಿನ ಅಂಕಕ್ಕೂ ಅದೇ ಬೆಲೆ ಸಿಗಲಿ

ಕ್ಯಾಲಿಫೋರ್ನಿಯಾದ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಲ್ಲಿ ಆ ರಾಜ್ಯದ ನಿವಾಸಿಗಳು ಒಂದು ಯೂನಿಟ್‌ಗೆ ಕಟ್ಟುವ ಫೀಸು 46 ಡಾಲರ್. 2012ರಿಂದ ಈ ದರ ಏರಿಲ್ಲ. ಲ್ಯಾಬ್ ಸೇರಿ ಐದು ಯೂನಿಟ್‌ನ ಆರ್ಗ್ಯಾನಿಕ್ ಕೆಮಿಸ್ಟ್ರಿ ಕೋರ್ಸಿಗೆ ಲೆಕ್ಕ ಹಾಕಿದರೆ 230 ಡಾಲರ್. ಮನೆಯ ಆದಾಯ ಕಡಿಮೆಯಿದ್ದರೆ ಅದೂ ಮಾಫಿ. ಅದೇ ರಾಜ್ಯದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಒಂದು ವರ್ಷದ ಬೋಧನಾ ಶುಲ್ಕವೇ 60,000 ಡಾಲರ್ ದಾಟಿದೆ. ಕಾರ್ಬನ್ ಎರಡೂ ಕಡೆ ನಾಲ್ಕೇ ಬಂಧ ಕಟ್ಟಿಕೊಳ್ಳುತ್ತದೆ. ಪಠ್ಯವಸ್ತುವಿನ ಬಹುಪಾಲು ಎರಡೂ ಕಡೆ ಒಂದೇ.

ಹೀಗಿದ್ದರೂ ಹಲ್ಲಿನ ಡಾಕ್ಟರಾಗಲು ಹೊರಟ ಅಮೆರಿಕದ ವಿದ್ಯಾರ್ಥಿ ಆ 230 ಡಾಲರಿನ ಕ್ಲಾಸಿಗೆ ಹೆಸರು ಬರೆಸುವ ಮುನ್ನ ಹತ್ತು ಸಲ ಯೋಚಿಸುತ್ತಾನೆ. ಅಲ್ಲಿ ಕಷ್ಟಪಟ್ಟು ತೆಗೆದ ‘ಎ’ ಗ್ರೇಡನ್ನು ದಂತ ವೈದ್ಯಕೀಯ ಕಾಲೇಜಿನ ಪ್ರವೇಶ ಸಮಿತಿ ‘ಎ’ ಎಂದೇ ಓದುತ್ತದೆಯೋ, ಇಲ್ಲ ‘ಎ, ಆದರೆ ಕಮ್ಯುನಿಟಿ ಕಾಲೇಜಿನದು’ ಎಂದು ಓದುತ್ತದೆಯೋ ಎಂಬ ಅಳುಕು ಅವನದು. ಈ ಅಳುಕಿಗೆ ಆಧಾರವಿದೆ. ಆ ಆಧಾರವನ್ನು ತೆಗೆದುಹಾಕುವ ಹೊಣೆ ವಿದ್ಯಾರ್ಥಿಗಳದ್ದಲ್ಲ, ದಂತ ಕಾಲೇಜುಗಳದ್ದು.

ಅಮೆರಿಕದ ಪದ್ಧತಿ ನಮ್ಮದಕ್ಕಿಂತ ಬೇರೆ. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದ ಹದಿನೆಂಟರ ಹುಡುಗಿ ನೇರವಾಗಿ ಬಿಡಿಎಸ್‌ಗೆ ಸೇರುತ್ತಾಳೆ, ಇಂಟರ್ನ್‌ಶಿಪ್ ಸೇರಿ ಐದು ವರ್ಷದಲ್ಲಿ ದಂತ ವೈದ್ಯೆಯಾಗುತ್ತಾಳೆ. ಅಲ್ಲಿ ಮೊದಲು ಪದವಿ ಓದಬೇಕು, ಆಮೇಲೆ ನಾಲ್ಕು ವರ್ಷದ ದಂತ ವೈದ್ಯಕೀಯ. ಪದವಿ ಯಾವ ವಿಷಯದಲ್ಲಾದರೂ ಆಗಬಹುದು. ಇತಿಹಾಸ ಓದಿದವರೂ ಸಂಗೀತ ಓದಿದವರೂ ಅರ್ಜಿ ಹಾಕಬಹುದು. ಆದರೆ ಕೆಲವು ಕೋರ್ಸುಗಳನ್ನು ಮೊದಲೇ ಮುಗಿಸಿರಬೇಕು. ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರ, ಇವೆಲ್ಲ ಸಾಮಾನ್ಯವಾಗಿ ಎಂಟೆಂಟು ಸೆಮಿಸ್ಟರ್ ಕ್ರೆಡಿಟ್ (ಯೂನಿಟ್), ಅದೂ ಲ್ಯಾಬ್ ಸಮೇತ. ಜೊತೆಗೆ ಇಂಗ್ಲಿಷ್. ಈಚೆಗೆ ಬಯೋಕೆಮಿಸ್ಟ್ರಿಯನ್ನೂ ಬಹಳಷ್ಟು ಕಾಲೇಜುಗಳು ಕಡ್ಡಾಯ ಮಾಡಿವೆ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಾಣು ಜೀವಶಾಸ್ತ್ರಗಳನ್ನು ಕೆಲವು ಕೇಳುತ್ತವೆ, ಕೆಲವು ಇದ್ದರೆ ಒಳ್ಳೆಯದು ಎನ್ನುತ್ತವೆ.

ಹಾಗಾಗಿ ಅಲ್ಲಿ ಮೂವತ್ತೈದರ ಬ್ಯಾಂಕ್ ಉದ್ಯೋಗಿಗೂ ದಂತ ವೈದ್ಯನಾಗುವ ದಾರಿ ತೆರೆದಿರುತ್ತದೆ. ಪಿಯುಸಿಯಲ್ಲಿ ವಾಣಿಜ್ಯ ಓದಿದ ಕನ್ನಡದ ಹುಡುಗನಿಗೆ ಇಲ್ಲಿ ಆ ದಾರಿ ಹತ್ತಿರಹತ್ತಿರ ಮುಚ್ಚಿಯೇ ಹೋಗಿರುತ್ತದೆ. ಅಮೆರಿಕದಲ್ಲಿ ಆ ಎರಡನೆಯ ಅವಕಾಶಕ್ಕೆ ಕೈಗೆಟಕುವ ಬಾಗಿಲೆಂದರೆ ಕಮ್ಯುನಿಟಿ ಕಾಲೇಜು. ಹಗಲು ಕೆಲಸ ಮುಗಿಸಿ ಸಂಜೆ ಆರಕ್ಕೆ ಲ್ಯಾಬಿಗೆ ಬರುವವರು, ಮಗುವನ್ನು ಮಲಗಿಸಿ ಹೋಮ್‌ವರ್ಕ್ ಮಾಡುವ ತಾಯಂದಿರು, ಸೈನ್ಯದಿಂದ ಮರಳಿದವರು, ಇವರೆಲ್ಲ ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬೆಂಗಳೂರಿನ ಸಂಜೆ ಕಾಲೇಜುಗಳಲ್ಲಿ ಓದಿ ಮೇಲೆ ಬಂದ ತಲೆಮಾರನ್ನು ಬಲ್ಲವರಿಗೆ ಈ ಚಿತ್ರ ಹೊಸದೇನಲ್ಲ.

ಈ ಕಾಲೇಜುಗಳು ಹುಟ್ಟಿದ್ದು ಯಾಕೆಂಬುದನ್ನೂ ನೋಡಬೇಕು. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರು ವಿದ್ಯಾರ್ಥಿಗಳೊಂದಿಗೆ ಜೋಲಿಯೆಟ್ ಜೂನಿಯರ್ ಕಾಲೇಜು ಶುರುವಾಯಿತು. ಊರಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಸೇರಿ ಕಟ್ಟಿದ ಯೋಜನೆ ಅದು. ಊರು ಬಿಟ್ಟು ಹೋಗಲಾಗದ ಮಕ್ಕಳು ವಿಶ್ವವಿದ್ಯಾಲಯದ ಮೊದಲೆರಡು ವರ್ಷದ ಪಾಠವನ್ನು ಊರಲ್ಲೇ ಕಲಿಯಲಿ, ಆಮೇಲೆ ಮುಂದಕ್ಕೆ ಹೋಗಲಿ ಎಂಬುದು ಅದರ ತಿರುಳು. ಎರಡನೇ ಮಹಾಯುದ್ಧದ ನಂತರ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರ ವರದಿಯಲ್ಲಿ ಇಂಥ ಕಾಲೇಜುಗಳನ್ನು ದೇಶದ ತುಂಬ ಹರಡಬೇಕೆಂದಿತು. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣದ ಮಹಾಯೋಜನೆಯಲ್ಲಿ ಇದನ್ನು ಇನ್ನೂ ಖಚಿತ ಮಾಡಿತು: ಹೈಸ್ಕೂಲಿನ ಅಗ್ರ ಎಂಟನೇ ಒಂದು ಭಾಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಅಗ್ರ ಮೂರನೇ ಒಂದು ಭಾಗ ರಾಜ್ಯ ಕಾಲೇಜುಗಳಿಗೆ, ಕಲಿಯಬಯಸುವ ಉಳಿದೆಲ್ಲರಿಗೂ ಕಮ್ಯುನಿಟಿ ಕಾಲೇಜು. ಅಲ್ಲಿಂದ ಮೇಲಕ್ಕೆ ವರ್ಗವಾಗುವ ದಾರಿಯೂ ಆ ಯೋಜನೆಯೊಳಗೇ ಇತ್ತು. ಈಗ ಆ ರಾಜ್ಯವೊಂದರಲ್ಲೇ ಇಂಥ 116 ಕಾಲೇಜುಗಳಿವೆ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ತನ್ನ ಪದವಿಗೆ ಕಮ್ಯುನಿಟಿ ಕಾಲೇಜಿನ 70 ಸೆಮಿಸ್ಟರ್ ಯೂನಿಟ್‌ಗಳವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಯಾವ ಕಾಲೇಜಿನ ಯಾವ ಕೋರ್ಸು ತನ್ನ ಯಾವ ಕೋರ್ಸಿಗೆ ಸಮ ಎಂಬ ಪಟ್ಟಿ ‘ಅಸಿಸ್ಟ್’ ಎಂಬ ಸಾರ್ವಜನಿಕ ದಾಖಲೆಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ಇಂಥ ಸಮಾನತೆ ಸುಮ್ಮನೆ ಸಿಗುವುದಿಲ್ಲ. ಪಠ್ಯಕ್ರಮ, ಲ್ಯಾಬ್ ಗಂಟೆ, ಪಠ್ಯಪುಸ್ತಕಗಳನ್ನೆಲ್ಲ ಪರಿಶೀಲಿಸಿದ ಮೇಲೆಯೇ ಮುದ್ರೆ ಬೀಳುತ್ತದೆ. ಪದವಿ ಕೊಡುವಾಗ ವಿಶ್ವವಿದ್ಯಾಲಯವೊಂದು ಸಮವೆಂದು ಒಪ್ಪಿದ ಕೋರ್ಸು ದಂತ ಕಾಲೇಜಿನ ಪ್ರವೇಶದ ಹೊತ್ತಿಗೆ ಹಗುರಾಗುವುದಕ್ಕೆ ಶೈಕ್ಷಣಿಕ ಕಾರಣವೇನೂ ಕಾಣುವುದಿಲ್ಲ.

ಅಮೆರಿಕದ ಎಪ್ಪತ್ತಕ್ಕೂ ಹೆಚ್ಚು ದಂತ ಕಾಲೇಜುಗಳ ನಿಯಮಗಳು ಮಾತ್ರ ಒಂದೊಂದು ದಿಕ್ಕಿಗೆ ಎಳೆಯುತ್ತವೆ. ಕೆಲವು ಕಮ್ಯುನಿಟಿ ಕಾಲೇಜಿನ ಕೋರ್ಸುಗಳನ್ನು ಯಾವ ಮಿತಿಯೂ ಇಲ್ಲದೆ ಒಪ್ಪುತ್ತವೆ. ಕೆಲವು ಇಷ್ಟು ಕ್ರೆಡಿಟ್‌ವರೆಗೆ ಮಾತ್ರ ಎಂದು ಗೆರೆ ಹಾಕುತ್ತವೆ. ಇನ್ನು ಕೆಲವು ‘ಒಪ್ಪುತ್ತೇವೆ, ಆದರೆ ನಾಲ್ಕು ವರ್ಷದ ಕಾಲೇಜಿನಲ್ಲಿ ಓದಿದ್ದರೆ ಮೇಲು’ ಎನ್ನುತ್ತವೆ. ನಿಜವಾದ ತೊಂದರೆ ಈ ಮೂರನೆಯ ಬಗೆಯದು. ‘ಬೇಡ’ ಎಂದರೆ ವಿದ್ಯಾರ್ಥಿ ಬೇರೆ ದಾರಿ ಹುಡುಕುತ್ತಾನೆ. ‘ಸರಿ’ ಎಂದರೆ ನೆಮ್ಮದಿಯಾಗಿ ಓದುತ್ತಾನೆ. ‘ಮೇಲು’ ಎಂದು ಬಿಟ್ಟರೆ ಎಷ್ಟು ಮೇಲು, ಅದರಿಂದ ತನಗೆಷ್ಟು ಪೆಟ್ಟು ಎಂಬುದು ಅರ್ಜಿ ತಿರಸ್ಕಾರವಾದ ಮೇಲೂ ಅವನಿಗೆ ತಿಳಿಯುವುದಿಲ್ಲ. ಹಣವಿರುವ ಮನೆಯವರು ಇಂಥ ಮಾತು ಕೇಳಿದ ಕೂಡಲೇ ಮಕ್ಕಳನ್ನು ದುಬಾರಿ ಕಾಲೇಜಿನ ಬೇಸಿಗೆ ಕ್ಲಾಸಿಗೆ ಸೇರಿಸುತ್ತಾರೆ. ಇಲ್ಲದವರು ದೇವರ ಮೇಲೆ ಭಾರ ಹಾಕುತ್ತಾರೆ.

ಅರ್ಜಿಗಳನ್ನು ಸಂಗ್ರಹಿಸುವ ಎಎಡಿಎಸ್‌ಎಎಸ್ ಎಂಬ ಕೇಂದ್ರ ವ್ಯವಸ್ಥೆಯಲ್ಲಿ ಈ ಭೇದವಿಲ್ಲ. ಬಹುತೇಕ ದಂತ ಕಾಲೇಜುಗಳಿಗೆ ಅರ್ಜಿ ಹೋಗುವುದು ಅದರ ಮೂಲಕವೇ. ಅಭ್ಯರ್ಥಿ ಓದಿದ ಪ್ರತಿಯೊಂದು ಕಾಲೇಜಿನ ಅಂಕಪಟ್ಟಿಯನ್ನೂ ತರಿಸಿಕೊಂಡು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರಾಸರಿ ತೆಗೆಯುತ್ತದೆ. ಹಾರ್ವರ್ಡಿನ ‘ಬಿ’ಯೂ ಜೋಲಿಯೆಟ್‌ನ ‘ಬಿ’ಯೂ ಅಲ್ಲಿ 3.0. ಒಂದೇ ಕೋರ್ಸನ್ನು ಎರಡು ಸಲ ಓದಿದರೆ ಎರಡೂ ಗ್ರೇಡು ಲೆಕ್ಕಕ್ಕೆ ಬರುತ್ತವೆ, ಹಳೆಯದು ಅಳಿಸಿಹೋಗುವುದಿಲ್ಲ.

ಇಷ್ಟಾದ ಮೇಲೂ ಒಂದು ಗಂಭೀರ ಆಕ್ಷೇಪ ಉಳಿಯುತ್ತದೆ: ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಹಗುರ, ಗ್ರೇಡು ಧಾರಾಳ. ದಂತ ಕಾಲೇಜಿನ ಮೊದಲ ವರ್ಷದ ಹೊರೆಯನ್ನು ಅಲ್ಲಿಂದ ಬಂದವರು ತಡೆದುಕೊಳ್ಳಬಲ್ಲರೇ? ಕಾಲೇಜಿನಿಂದ ಕಾಲೇಜಿಗೆ ಗುಣಮಟ್ಟ ಬದಲಾಗುವುದು ನಿಜ. ಆದರೆ ಆ ಮಾತು ನಾಲ್ಕು ವರ್ಷದ ಕಾಲೇಜುಗಳಿಗೂ ಅನ್ವಯಿಸುತ್ತದೆ. ದೊಡ್ಡ ವಿಶ್ವವಿದ್ಯಾಲಯದ ಮೊದಲ ವರ್ಷದ ರಸಾಯನಶಾಸ್ತ್ರವನ್ನು ಮುನ್ನೂರು ನಾನೂರು ಮಂದಿ ತುಂಬಿದ ಸಭಾಂಗಣದಲ್ಲಿ ಕಲಿಸುತ್ತಾರೆ, ಲ್ಯಾಬ್ ನೋಡಿಕೊಳ್ಳುವವರು ಹೆಚ್ಚಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳು. ಕಮ್ಯುನಿಟಿ ಕಾಲೇಜಿನಲ್ಲಿ ಮೂವತ್ತರ ಆಸುಪಾಸಿನ ತರಗತಿ, ಲ್ಯಾಬಿನಲ್ಲೂ ಪ್ರಾಧ್ಯಾಪಕರೇ ನಿಂತಿರುತ್ತಾರೆ. ಸಂಶೋಧನೆಯ ಒತ್ತಡ ಅವರ ಮೇಲಿಲ್ಲ, ಪಾಠ ಮಾಡುವುದೇ ಅವರ ಕೆಲಸ.

ಅನುಮಾನ ಪರಿಹರಿಸಿಕೊಳ್ಳಲು ಸಮಿತಿಗಳ ಕೈಯಲ್ಲೇ ಒಂದು ಸಾಧನವಿದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ನಡೆಸುವ ಡಿಎಟಿ ಪರೀಕ್ಷೆಯನ್ನು ಎಲ್ಲರೂ ಬರೆಯಲೇಬೇಕು. ಅದರ ವಿಜ್ಞಾನ ಭಾಗದಲ್ಲಿ 100 ಪ್ರಶ್ನೆ, 90 ನಿಮಿಷ: ಜೀವಶಾಸ್ತ್ರಕ್ಕೆ 40, ಸಾಮಾನ್ಯ ರಸಾಯನಕ್ಕೆ 30, ಆರ್ಗ್ಯಾನಿಕ್‌ಗೆ 30. ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿಯನ್ನು ಅಳೆಯುವ 90 ಪ್ರಶ್ನೆಗಳ ಇನ್ನೊಂದು ಭಾಗವೂ ಇದೆ. ಪ್ರಶ್ನೆಪತ್ರಿಕೆಗೆ ಅಭ್ಯರ್ಥಿ ಓದಿದ ಕಾಲೇಜಿನ ಹೆಸರು ಗೊತ್ತಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಆರ್ಗ್ಯಾನಿಕ್ ಓದಿದವಳು ಆ ಭಾಗದಲ್ಲಿ ಚೆನ್ನಾಗಿ ಮಾಡಿದ್ದರೆ ಅವಳ ‘ಎ’ ಗ್ರೇಡನ್ನು ಮತ್ತೆ ಪ್ರಶ್ನಿಸುವುದು ನ್ಯಾಯವಲ್ಲ.

ಬಯೋಕೆಮಿಸ್ಟ್ರಿಯ ಮಾತು ಬೇರೆ. ಅದು ಪದವಿಯ ಕೊನೆಯೆರಡು ವರ್ಷಗಳ ಕೋರ್ಸು, ಎರಡು ವರ್ಷದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಹೊರಗೆ ಎಷ್ಟೋ ಕಡೆ ಆರ್ಗ್ಯಾನಿಕ್ ಕೆಮಿಸ್ಟ್ರಿಯೂ ಸಿಗುವುದಿಲ್ಲ. ಇಂಥವನ್ನು ನಾಲ್ಕು ವರ್ಷದ ಕಾಲೇಜಿನಲ್ಲೇ ಓದಬೇಕು, ಬುನಾದಿಯ ಕೋರ್ಸುಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿ ಮೇಲಿನವನ್ನು ಅಲ್ಲಿ ಕಲಿತರೆ ಪ್ರವೇಶ ಸಮಿತಿಗೂ ಅಭ್ಯರ್ಥಿಯ ತಾಕತ್ತು ಕಾಣುತ್ತದೆ. ದೊಡ್ಡ ಕಾಲೇಜಿನಲ್ಲಿ ಓದುತ್ತಿದ್ದು, ಕಷ್ಟದ ವಿಷಯವೊಂದರಿಂದ ತಪ್ಪಿಸಿಕೊಳ್ಳಲೆಂದೇ ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿಗೆ ಹಾರುವವರನ್ನು ಸಮಿತಿ ಗುರುತಿಸಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಅವರ ಜೊತೆಗೆ, ಬೇರೆ ದಾರಿಯೇ ಇಲ್ಲದೆ ಅಲ್ಲಿ ಓದಿದವರನ್ನೂ ಒಂದೇ ಕಣ್ಣಿನಿಂದ ನೋಡಬಾರದು.

ರಿಚರ್ಡ್ ಕಾರ್ಮೋನಾ ಅವರ ಬದುಕು ಇಲ್ಲಿ ನೆನಪಿಗೆ ಬರುತ್ತದೆ. ನ್ಯೂಯಾರ್ಕಿನ ಬಡ ಕುಟುಂಬದಲ್ಲಿ ಹುಟ್ಟಿ, ಹೈಸ್ಕೂಲು ಅರ್ಧಕ್ಕೆ ಬಿಟ್ಟು, ಸೈನ್ಯ ಸೇರಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಮರಳಿದ ಮೇಲೆ ಅವರಿಗೆ ಬಾಗಿಲು ತೆರೆದದ್ದು ಬ್ರಾಂಕ್ಸ್ ಕಮ್ಯುನಿಟಿ ಕಾಲೇಜು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯಕೀಯ ಕಾಲೇಜಿಗೆ ನಡೆದು ಶಸ್ತ್ರವೈದ್ಯರಾದರು. 2002ರಿಂದ 2006ರವರೆಗೆ ಇಡೀ ದೇಶದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ, ಆಗಿದ್ದರು. ಅವರು ದಂತ ವೈದ್ಯರಲ್ಲ, ನಿಜ, ಆದರೆ ಅವರು ತುಳಿದ ದಾರಿ ಇದೇ.

ಹೀಗೆ ಬಂದವರು ಮುಂದೆ ಎಲ್ಲಿ ಕೆಲಸ ಮಾಡುತ್ತಾರೆ ಎಂಬುದು ಇನ್ನೂ ಮುಖ್ಯ. ವೈದ್ಯಕೀಯ ಕಾಲೇಜುಗಳ ಅರ್ಜಿದಾರರ ಬಗ್ಗೆ 2014ರಲ್ಲಿ ‘ಅಕಾಡೆಮಿಕ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಎರಡು ಸಂಗತಿ ತೋರಿಸಿತು. ಹೈಸ್ಕೂಲಿನ ನಂತರ ಮೊದಲು ಕಮ್ಯುನಿಟಿ ಕಾಲೇಜಿಗೆ ಹೋದವರಿಗೆ ಪ್ರವೇಶ ಸಿಗುವ ಸಾಧ್ಯತೆ ಉಳಿದವರಿಗಿಂತ ಕಡಿಮೆಯಿತ್ತು. ಆದರೆ ಸೀಟು ಸಿಕ್ಕವರಲ್ಲಿ ನೋಡಿದರೆ, ಆ ಕಾಲೇಜುಗಳಲ್ಲಿ ಓದಿದವರಿಗೆ ವೈದ್ಯರ ಕೊರತೆಯಿರುವ ಕಡೆ ಸೇವೆ ಮಾಡುವ ಇರಾದೆ ಹೆಚ್ಚಿತ್ತು. ಎಲ್ಲಿಗೆ ವೈದ್ಯರು ಬೇಕೋ ಅಲ್ಲಿಗೆ ಹೋಗಲು ಸಿದ್ಧರಿರುವವರೇ ಬಾಗಿಲಲ್ಲಿ ಹೆಚ್ಚು ಉಳಿದುಹೋಗುತ್ತಿದ್ದಾರೆ ಎಂದಾಯಿತು.

ಹಲ್ಲಿನ ವಿಷಯದಲ್ಲಿ ಆ ಕೊರತೆ ಸಣ್ಣದಲ್ಲ. ಅಮೆರಿಕದ 5 ಕೋಟಿಗೂ ಹೆಚ್ಚು ಜನ ದಂತ ವೈದ್ಯರ ಕೊರತೆಯಿದೆ ಎಂದು ಸರ್ಕಾರವೇ ಗುರುತಿಸಿದ ಪ್ರದೇಶಗಳಲ್ಲಿ ವಾಸಿಸುತ್ತಾರೆ. 2007ರಲ್ಲಿ ರಾಜಧಾನಿ ವಾಷಿಂಗ್ಟನ್ನಿಗೆ ತಾಗಿಕೊಂಡಿರುವ ಮೇರಿಲ್ಯಾಂಡ್ ರಾಜ್ಯದಲ್ಲಿ ಹನ್ನೆರಡು ವರ್ಷದ ಬಡ ಹುಡುಗನೊಬ್ಬನ ಹುಳುಕು ಹಲ್ಲಿನ ಕೀವು ಮಿದುಳಿಗೆ ಏರಿ ಅವನು ತೀರಿಕೊಂಡ. ಆ ಹಲ್ಲು ಕೀಳಿಸಲು ಬೇಕಾಗಿದ್ದದ್ದು ಸುಮಾರು 80 ಡಾಲರ್. ಬಡವರ ಸರ್ಕಾರಿ ವಿಮೆಯನ್ನು ಒಪ್ಪುವ ದಂತ ವೈದ್ಯರು ಸಿಗುವುದೇ ಆ ಕುಟುಂಬಗಳಿಗೆ ಕಷ್ಟವಾಗಿತ್ತು. ಜಗತ್ತಿನ ಮೊದಲ ದಂತ ಕಾಲೇಜು 1840ರಲ್ಲಿ ಶುರುವಾದ ಬಾಲ್ಟಿಮೋರ್ ಇರುವುದೂ ಅದೇ ಮೇರಿಲ್ಯಾಂಡಿನಲ್ಲಿ.

ಆ ಹುಡುಗನ ಬೀದಿಯಂಥ ಬೀದಿಯಿಂದ ಬಂದ ವಿದ್ಯಾರ್ಥಿ ದಂತ ವೈದ್ಯನಾಗಬೇಕಾದರೆ ಸಾಲದ ಬೆಟ್ಟ ಹತ್ತಬೇಕು. ಸಾಲ ಮಾಡಿ ಓದಿದ ದಂತ ಪದವೀಧರರ ತಲೆಯ ಮೇಲಿನ ಸರಾಸರಿ ಸಾಲ ಈಗ ಸುಮಾರು 3 ಲಕ್ಷ ಡಾಲರ್. ಕೆಲವು ಖಾಸಗಿ ದಂತ ಕಾಲೇಜುಗಳಲ್ಲಿ ನಾಲ್ಕು ವರ್ಷದ ಒಟ್ಟು ಖರ್ಚು 5 ಲಕ್ಷ ಡಾಲರ್ ದಾಟುತ್ತದೆ. 2025ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸೇರುವ ವೃತ್ತಿಶಿಕ್ಷಣ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮೀರುವಂತಿಲ್ಲ. ಅದಕ್ಕೂ ಮೇಲಿನದನ್ನು ಖಾಸಗಿ ಬ್ಯಾಂಕಿನಲ್ಲಿ ಹುಡುಕಬೇಕು. ಬ್ಯಾಂಕು ಹೆಚ್ಚಿನ ಬಡ್ಡಿ ಕೇಳುತ್ತದೆ, ಜಾಮೀನಿಗೆ ಒಬ್ಬರನ್ನು ಕೇಳುತ್ತದೆ. ಬಡವರ ಮನೆಯಲ್ಲಿ ಆ ಜಾಮೀನುದಾರ ಇರುವುದಿಲ್ಲ.

ಇಂಥ ಹೊತ್ತಿನಲ್ಲಿ ಮೊದಲ ವರ್ಷಗಳಲ್ಲಿ ಉಳಿಸಿದ ಪ್ರತಿ ಡಾಲರಿಗೂ ತೂಕವಿದೆ. ವಿಜ್ಞಾನದ ಪೂರ್ವಸಿದ್ಧತೆಯ ಕೋರ್ಸುಗಳು ಒಟ್ಟು 50 ಯೂನಿಟ್ ಆಗುತ್ತವೆ ಎಂದಿಟ್ಟುಕೊಂಡರೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಅವುಗಳ ಫೀಸು 2,300 ಡಾಲರ್. ದಂತ ಕಾಲೇಜುಗಳು ತಮ್ಮ ಫೀಸು ಇಳಿಸಲಾರವು ಎಂದಾದರೆ, ಈ 2,300 ಡಾಲರಿನ ದಾರಿಯನ್ನಾದರೂ ಅಳುಕಿಲ್ಲದೆ ನಡೆಯುವಂತೆ ಬಿಡಬೇಕು.

ಕನ್ನಡಿಗರಿಗೂ ಇದರಲ್ಲಿ ಪಾಲಿದೆ. ಕ್ಯುಪರ್ಟಿನೊದ ಡಿ ಆನ್ಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಫ್ರೀಮಾಂಟಿನ ಓಲೋನಿ ಕಾಲೇಜುಗಳೆಲ್ಲ ಕನ್ನಡದ ಕುಟುಂಬಗಳು ನೆಲೆಸಿರುವ ಊರುಗಳಲ್ಲೇ ಇವೆ. ಫುಟ್‌ಹಿಲ್‌ನಲ್ಲಂತೂ ಹಲ್ಲು ಮತ್ತು ವಸಡಿನ ಆರೋಗ್ಯ ನೋಡಿಕೊಳ್ಳುವ ಡೆಂಟಲ್ ಹೈಜೀನ್ ವಿಷಯದಲ್ಲೇ ಬ್ಯಾಚುಲರ್ ಪದವಿ ಕೊಡುತ್ತಾರೆ, ಕಮ್ಯುನಿಟಿ ಕಾಲೇಜಿಗೆ ಇದು ಅಪರೂಪ. ಆದರೂ ನಮ್ಮವರ ಮನೆಗಳಲ್ಲಿ ಕಮ್ಯುನಿಟಿ ಕಾಲೇಜಿನ ಹೆಸರು ಬಂದರೆ ದನಿ ತಗ್ಗುತ್ತದೆ. ‘ಬರ್ಕ್ಲಿ ಸಿಗಲಿಲ್ಲವಂತೆ, ಪಾಪ, ಕಮ್ಯುನಿಟಿ ಕಾಲೇಜಿಗೆ ಹೋಗ್ತಿದ್ದಾನಂತೆ’ ಎಂದು ಬೆಂಗಳೂರಿನ ಅಜ್ಜಿಯವರೆಗೂ ಸುದ್ದಿ ಮುಟ್ಟುತ್ತದೆ. ಡಿ ಆನ್ಜಾದಲ್ಲಿ ಎರಡು ವರ್ಷ ಓದಿ ಬರ್ಕ್ಲಿಗೆ ವರ್ಗವಾಗುವ ಹುಡುಗನಿಗೆ ಸಿಗುವುದು ಬರ್ಕ್ಲಿಯ ಪದವಿಯೇ. ಪ್ರವೇಶ ಸಮಿತಿಗಳ ಅಸಡ್ಡೆಯನ್ನು ಟೀಕಿಸುವವರು ಮನೆಯೊಳಗಿನ ಅಸಡ್ಡೆಯನ್ನೂ ಬಿಡಬೇಕಾಗುತ್ತದೆ.

ಇದೇ ಕುಟುಂಬಗಳು ಎಚ್ಚರ ವಹಿಸಬೇಕಾದ ಸಂಗತಿಯೂ ಇದೆ. ಹೈಸ್ಕೂಲಿನಲ್ಲಿರುವಾಗಲೇ ಮಕ್ಕಳನ್ನು ಕಮ್ಯುನಿಟಿ ಕಾಲೇಜಿನ ಕ್ಲಾಸುಗಳಿಗೆ ಸೇರಿಸುವುದು ಈಗ ರೂಢಿ. ಬೋಧನಾ ಶುಲ್ಕವೂ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅಲ್ಲಿ ಬಂದ ಗ್ರೇಡು ಕಾಲೇಜಿನ ಗ್ರೇಡಾಗಿಯೇ ಉಳಿಯುತ್ತದೆ. ಹದಿನಾರನೇ ವಯಸ್ಸಿನಲ್ಲಿ ಅರೆಮನಸ್ಸಿನಿಂದ ಓದಿ ತೆಗೆದ ‘ಸಿ’ ಐದಾರು ವರ್ಷದ ನಂತರ ದಂತ ಕಾಲೇಜಿನ ಅರ್ಜಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಮಗುವಿಗೆ ಆಸಕ್ತಿಯಿದ್ದರೆ ಮಾತ್ರ ಸೇರಿಸಬೇಕು.

ಗಂಡನ ಉದ್ಯೋಗ ವೀಸಾಗೆ ಅಂಟಿಕೊಂಡ ಎಚ್-4 ವೀಸಾದಲ್ಲಿರುವ ಹೆಣ್ಣುಮಕ್ಕಳ ಪರಿಸ್ಥಿತಿ ಬೇರೆಯೇ. ಅವರಲ್ಲಿ ಬಹಳಷ್ಟು ಮಂದಿಗೆ ಉದ್ಯೋಗ ಮಾಡುವ ಅನುಮತಿಯಿಲ್ಲ, ಓದುವ ಅನುಮತಿಯಿದೆ. ಎಂಜಿನಿಯರಿಂಗ್ ಓದಿ ಬಂದವರು ಮನೆಯಲ್ಲಿ ಕೂರಲಾರದೆ ಜೀವಶಾಸ್ತ್ರದ ಕ್ಲಾಸಿಗೆ ಸೇರಿ ಹೊಸ ವೃತ್ತಿಯ ಕನಸು ಕಾಣುವುದು ಸಹಜ. ಆದರೆ ಅವರಿಗೆ ಕೇಂದ್ರ ಸರ್ಕಾರದ ಸಾಲ ಸಿಗುವುದಿಲ್ಲ, ನಾಗರಿಕರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಆದ್ಯತೆ ಕೊಡುವ ದಂತ ಕಾಲೇಜುಗಳು ಸಾಕಷ್ಟಿವೆ. ಇದನ್ನು ಮೊದಲೇ ತಿಳಿದು ಹೊರಡಬೇಕು. ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ ಹೋದವರಿಗೆ ಈ ಕೋರ್ಸುಗಳ ಹಂಗಿಲ್ಲ. ಅವರು ಐಎನ್‌ಬಿಡಿಇ ಎಂಬ ಪರವಾನಗಿ ಪರೀಕ್ಷೆ ಬರೆದು, ವಿದೇಶಿ ದಂತ ವೈದ್ಯರಿಗಾಗಿಯೇ ಇರುವ ಎರಡು ಮೂರು ವರ್ಷದ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ತರಗತಿಗೆ ಪೈಪೋಟಿ ನಡೆಸುತ್ತಾರೆ.

ಕಮ್ಯುನಿಟಿ ಕಾಲೇಜುಗಳೂ ತಮ್ಮ ಮನೆ ಸರಿಪಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಅಲ್ಲಿಗೆ ಸೇರುವವರಲ್ಲಿ ಹೆಚ್ಚಿನವರ ಗುರಿ ನಾಲ್ಕು ವರ್ಷದ ಪದವಿ. ಆದರೆ ಆರು ವರ್ಷದೊಳಗೆ ಅದನ್ನು ಪಡೆಯುವವರು ನೂರಕ್ಕೆ ಸುಮಾರು 16 ಮಂದಿ ಮಾತ್ರ. ಯಾವ ಕೋರ್ಸು ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ಹೇಳುವ ಸಲಹೆಗಾರರು ಸಾಲದು, ಇರುವ ಒಬ್ಬೊಬ್ಬರ ಮುಂದೆ ನೂರಾರು ವಿದ್ಯಾರ್ಥಿಗಳು. ದಂತ ವೈದ್ಯಕೀಯದಂಥ ಉದ್ದ ದಾರಿಗೆ ಹೊರಟವರಿಗೆ ಮೊದಲ ಸೆಮಿಸ್ಟರಿನ ತಪ್ಪು ಆಯ್ಕೆಯೊಂದು ಒಂದು ಇಡೀ ವರ್ಷವನ್ನು ನುಂಗುತ್ತದೆ.

ದಂತ ಕಾಲೇಜುಗಳಿಂದ ಕೇಳುತ್ತಿರುವುದು ದೊಡ್ಡ ಸುಧಾರಣೆಯೇನಲ್ಲ. ಕಮ್ಯುನಿಟಿ ಕಾಲೇಜಿನ ಎಷ್ಟು ಕ್ರೆಡಿಟ್ ಒಪ್ಪುತ್ತೇವೆ, ಯಾವ ವಿಷಯಗಳನ್ನು ನಾಲ್ಕು ವರ್ಷದ ಕಾಲೇಜಿನಲ್ಲೇ ಓದಬೇಕು, ಆನ್‌ಲೈನ್ ಲ್ಯಾಬ್ ನಡೆಯುತ್ತದೆಯೇ ಎಂಬುದನ್ನು ಪ್ರತಿ ಕಾಲೇಜೂ ಸ್ಪಷ್ಟವಾಗಿ ಬರೆದು ಪ್ರಕಟಿಸಲಿ. ‘ಮೇಲು’ ಎಂಬ ಷರತ್ತನ್ನು ಕೈಬಿಡಲಿ, ಇಲ್ಲವೇ ಅದಕ್ಕೆ ಎಷ್ಟು ತೂಕ ಎಂದು ಹೇಳಲಿ. ಪ್ರತಿ ವರ್ಷ ಸೇರಿಸಿಕೊಂಡ ತಂಡದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಬಂದವರೆಷ್ಟು ಎಂಬ ಸಂಖ್ಯೆಯನ್ನೂ ಬಹಿರಂಗಪಡಿಸಲಿ. ಸರಾಸರಿ ಅಂಕ, ಡಿಎಟಿ ಸ್ಕೋರುಗಳನ್ನು ಹೆಮ್ಮೆಯಿಂದ ಪ್ರಕಟಿಸುವವರಿಗೆ ಇದು ಹೊರೆಯಾಗದು.

ಅಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮ ಕಾಗದಪತ್ರವನ್ನು ತಾವೇ ಗಟ್ಟಿ ಮಾಡಿಕೊಳ್ಳಬೇಕಾಗಿದೆ. ಹೆಸರು ಬರೆಸುವ ಮುನ್ನವೇ ತಾವು ಅರ್ಜಿ ಹಾಕಲಿರುವ ಕಾಲೇಜುಗಳ ಪ್ರವೇಶ ಕಚೇರಿಗೆ ಕೋರ್ಸಿನ ಹೆಸರು, ಯೂನಿಟ್ ಸಮೇತ ಇಮೇಲ್ ಬರೆದು ಉತ್ತರವನ್ನು ಬರಹದಲ್ಲೇ ಪಡೆಯುವುದು ಒಳ್ಳೆಯದು. ಫೋನಿನಲ್ಲಿ ಸಿಕ್ಕ ಭರವಸೆ ಎರಡು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ. ಪಠ್ಯಕ್ರಮದ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಬೇಕು. ಬೆರಳಿನ ಹಿಡಿತ ಪಳಗಲೆಂದು ದಂತ ವೈದ್ಯರಾಗಲಿರುವ ಅನೇಕರು ಕುಂಬಾರಿಕೆ ಅಥವಾ ಶಿಲ್ಪದ ಕ್ಲಾಸನ್ನೂ ತೆಗೆದುಕೊಳ್ಳುತ್ತಾರೆ. ಅದೂ ಕಮ್ಯುನಿಟಿ ಕಾಲೇಜಿನಲ್ಲೇ, ಕ್ಯಾಲಿಫೋರ್ನಿಯಾದಲ್ಲಾದರೆ ಅದೇ 46 ಡಾಲರ್ ದರಕ್ಕೆ ಸಿಗುತ್ತದೆ.